ಸೀಗೆಪುಡಿಯಲ್ಲಿ ತೊಳೆದ ಮಣೆ

ವೇದವತಿಗೆ ಕೊಳೆಯೆಂದರೆ ಜನ್ಮವೈರಿ. ಫ್ರೀಮಾಂಟಿನ ಆ ಮನೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ಅವಳು ಡಿಶ್‌ವಾಷರನ್ನು ನಂಬಿದವಳಲ್ಲ. ಅದರೊಳಗೆ ಪಾತ್ರೆ ಇಡುವ ಮೊದಲು ತಾನೊಮ್ಮೆ ತಿಕ್ಕಿ ತೊಳೆಯುತ್ತಿದ್ದಳು, ಅದು ತೊಳೆದು ಮುಗಿಸಿದ ಮೇಲೆ ಇನ್ನೊಮ್ಮೆ ನೀರಿನಲ್ಲಿ ಜಾಲಿಸಿ ಒರೆಸಿಡುತ್ತಿದ್ದಳು. "ಹಾಗಾದ್ರೆ ಮಧ್ಯದಲ್ಲಿ ಆ ಮಿಷನ್ನು ಏನು ಮಾಡತ್ತೆ?" ಎಂದು ಗಂಡ ಶೇಷಾದ್ರಿ ಕೇಳಿದರೆ, "ಸದ್ದು ಮಾಡತ್ತೆ" ಎನ್ನುತ್ತಿದ್ದಳು. ಇಂಥ ಹೆಂಗಸು ತನ್ನ ಕೈಯಾರೆ ಗಂಡನ ಕೊನೆಯ ಗುರುತನ್ನು ತೊಳೆದು ಹಾಕಿದಳು ಎಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಆಮೇಲೆ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ.

ಗುರುತೆಂದರೆ ಒಂದು ಮಣೆ. ಶೇಷಾದ್ರಿ ಪಾಲೋ ಆಲ್ಟೋದ ಯೂನಿವರ್ಸಿಟಿಯಲ್ಲಿ ಲೈಬ್ರರಿಯ ಕೆಲಸದಲ್ಲಿದ್ದರು. ಹದಿನಾರು ವರ್ಷದ ಹಿಂದೆ ಅಲ್ಲಿಯ ಪ್ರೊಫೆಸರೊಬ್ಬರು ರಿಟೈರಾಗಿ ಮನೆ ಖಾಲಿ ಮಾಡುವಾಗ, ಬೇಕಾದವರು ಒಯ್ಯಬಹುದು ಎಂದು ಚೀಟಿ ಬರೆದು ಒಂದಷ್ಟು ಸಾಮಾನನ್ನು ರಸ್ತೆಯ ಬದಿಗೆ ಇಟ್ಟಿದ್ದರಂತೆ. ಹಳೆಯ ಲ್ಯಾಂಪು, ಹರಿದ ಕುರ್ಚಿಗಳ ನಡುವೆ ಇದು ಕೂತಿತ್ತು. ಮೊಣಕಾಲೆತ್ತರಕ್ಕಿಂತಲೂ ತಗ್ಗು. ಇಡಿಯಾಗಿ ಒಂದೇ ಮರದ ತುಂಡಿನಿಂದ ಕೆತ್ತಿದ್ದು, ಎಲ್ಲೂ ಮೊಳೆಯಿಲ್ಲ, ಜೋಡಣೆಯಿಲ್ಲ. ಹಿಂದೆ ಎರಡು ಕಾಲು, ಮುಂದೆ ಒಂದೇ. ಮುಂದುಗಡೆ ಹಿಡಿಯ ಹಾಗೆ ಚಾಚಿಕೊಂಡ ತುದಿಯಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಒಂದು ಮುಖ. ಕಣ್ಣು ಅರೆಮುಚ್ಚಿ ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ಇತ್ತು. ಕೂರುವ ಜಾಗ ಮಾತ್ರ ಕಪ್ಪಗೆ, ಎಣ್ಣೆ ಹಚ್ಚಿದ ಕಾವಲಿಯಂತೆ ಮಿರುಗುತ್ತಿತ್ತು.

"ಬೀದೀಲಿ ಬಿದ್ದಿದ್ದನ್ನೆಲ್ಲ ಮನೆ ತುಂಬಿಸಿ. ಒಂದು ಕಾಲು ಬೇರೆ ಇಲ್ಲ" ಎಂದಿದ್ದಳು ವೇದವತಿ.

"ಕಾಲು ಹೋಗಿಲ್ಲ ಕಣೇ, ಇರೋದೇ ಮೂರು. ಲೋಬಿ ಅಂತ ಆಫ್ರಿಕಾದ ಜನ, ಅವರದ್ದು. ಅಲ್ಲಿ ಒಬ್ಬೊಬ್ಬ ಗಂಡಸಿಗೂ ಸ್ವಂತದ್ದು ಒಂದು ಇರತ್ತಂತೆ. ಎಲ್ಲಿ ಹೋದ್ರೂ ಹೆಗಲಿಗೆ ತಗುಲಿಸ್ಕೊಂಡು ಹೋಗ್ತಾರಂತೆ" ಎಂದು ಶೇಷಾದ್ರಿ ಅಲ್ಲೇ ಕೂತು ನೋಡಿದ್ದರು. ಆಮೇಲೆ ಮುಖವರಳಿಸಿ, "ವೇದಾ, ನನ್ನ ಅಳತೆ ತಗೊಂಡೇ ಮಾಡಿದ ಹಾಗಿದೆ" ಎಂದಿದ್ದರು.

ಅವತ್ತಿನಿಂದ ಅದು ಅವರ ಮಣೆಯಾಯಿತು. ಗರಾಜಿನಿಂದ ಮನೆಯೊಳಗೆ ಬರುವ ಬಾಗಿಲ ಪಕ್ಕ ಅದರ ಜಾಗ. ಬೆಳಿಗ್ಗೆ ಅಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು, ಸಂಜೆ ಬಿಚ್ಚುತ್ತಿದ್ದರು. ಚಳಿಗಾಲದಲ್ಲಿ ಇಂಡಿಯನ್ ಗ್ರೋಸರಿಗೆ ಅವರೆಕಾಯಿ ಬಂದರೆ ಮಡಿಲಿಗೆ ಪೇಪರು ಹಾಸಿಕೊಂಡು ಅಲ್ಲೇ ಸುಲಿಯುತ್ತಿದ್ದರು. ಮಂಡಿನೋವು ಶುರುವಾದ ಮೇಲೆ, ಎಳ್ಳೆಣ್ಣೆಗೆ ಕರ್ಪೂರ ಹಾಕಿ ತಾವೇ ಕಾಯಿಸಿದ ಎಣ್ಣೆಯನ್ನು ಅಲ್ಲೇ ಕೂತು ನೀವಿಕೊಳ್ಳುತ್ತಿದ್ದರು. ಎಣ್ಣೆ ಕಾಲಿನಿಂದ ಜಾರಿ ಮಣೆಗಿಳಿಯುತ್ತಿತ್ತು. ಎಣ್ಣೆ ಕೈಯಲ್ಲೇ ಆ ಪುಟ್ಟ ಮುಖವನ್ನು ಹಿಡಿದುಕೊಂಡು ಮೇಲೇಳುತ್ತಿದ್ದರು. ವೇದವತಿ ಬಟ್ಟೆ ಹಿಡಿದು ಬಂದರೆ, "ಮನೇಲಿ ಬೇರೆ ಏನನ್ನಾದರೂ ತೊಳಿ ಮಾರಾಯ್ತಿ, ಇದೊಂದನ್ನ ಬಿಟ್ಬಿಡು" ಎಂದು ಕೈಮುಗಿಯುತ್ತಿದ್ದರು.

ಹೋದ ವರ್ಷ ಆಗಸ್ಟಿನಲ್ಲಿ ಶೇಷಾದ್ರಿ ಹೋದರು. ಬೆಳಿಗ್ಗೆ ಲೇಸು ಕಟ್ಟಿಕೊಂಡು ವಾಕಿಂಗಿಗೆ ಹೋದವರು ಪಾರ್ಕಿನ ಬೆಂಚಿನ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲ. ಮಣೆ ಬಾಗಿಲ ಪಕ್ಕ ಹಾಗೇ ಉಳಿಯಿತು. ಮೂಗು ಹತ್ತಿರ ಹಿಡಿದರೆ ಕರ್ಪೂರ, ಎಳ್ಳೆಣ್ಣೆ, ಅದರಡಿಯಲ್ಲಿ ಅವರದೇ ಆದ ಒಂದು ಬೆವರಿನ ವಾಸನೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ವೇದವತಿ ದಿನಾ ಅಲ್ಲಿ ನೆಲಕ್ಕೆ ಕೂತು, ಮಣೆಯ ಮೇಲೆ ಕೆನ್ನೆಯಿಟ್ಟು, ಒಂದು ಹತ್ತು ನಿಮಿಷ ಇದ್ದು ಬರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಅರವತ್ತಾರರ ಹೆಂಗಸು ಮರದ ತುಂಡನ್ನು ಮೂಸುತ್ತಾಳೆಂದರೆ, ಸೊಸೆ ಡಾಕ್ಟರು ಬೇರೆ, ಸುಮ್ಮನೆ ಬಿಟ್ಟಾಳೆಯೆ?

ಇನ್ನೊಂದು ಮಾತೂ ಹೇಳಬೇಕು. ವೈಕುಂಠ ಸಮಾರಾಧನೆಯ ದಿನ ನೆಂಟರ ಊಟ ಮುಗಿದ ಮೇಲೆ, ಸುಸ್ತಾಗಿ ಕಾಲು ಸೋತ ಮಗ ಸುಧನ್ವ ಬಂದು ಆ ಮಣೆಯ ಮೇಲೆ ಕುಕ್ಕರಿಸಿದ್ದ. ವೇದವತಿ ಎಲ್ಲಿದ್ದಳೋ, ಹಾರಿ ಬಂದಳು. "ಏಳೋ ಅಲ್ಲಿಂದ! ಅದು ಅಪ್ಪನ ಜಾಗ! ನೀನ್ಯಾವನೋ ಅಲ್ಲಿ ಕೂರೋಕೆ?" ಇಡೀ ಮನೆ ತಿರುಗಿ ನೋಡಿತು. ಮೂವತ್ತೆಂಟು ವರ್ಷದ ಮಗ ಎದ್ದು, "ಸಾರಿ ಅಮ್ಮ" ಎಂದು ಹಿತ್ತಿಲಿಗೆ ಹೋದ. ಅಪ್ಪ ಕೂರುವ ಮಣೆಯಲ್ಲಿ ಮಕ್ಕಳು ಕೂರಬಾರದು ಎಂದು ಮೈಸೂರಿನ ತವರುಮನೆಯಲ್ಲಿ ಅವಳಿಗೆ ಕಲಿಸಿದ್ದು ಹೌದು. ಆದರೆ ಅವತ್ತು ಅವಳು ಕಿರುಚಿದ್ದು ಶಾಸ್ತ್ರಕ್ಕಲ್ಲ. ಅವರ ಮೇಲೆ ಇನ್ನೊಬ್ಬರು ಕೂತು ಒರೆಸಿಬಿಟ್ಟಾರು ಎಂಬ ಭಯಕ್ಕೆ.

ಒಂದು ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಈ ಆಗಸ್ಟಿನಲ್ಲಿ ಲಿವರ್‌ಮೋರ್ ದೇವಸ್ಥಾನದಲ್ಲಿ ವರ್ಷಾಬ್ದಿಕ ಮುಗಿಸಿ ಬಂದ ಮೇಲೆ ಮೊದಲು ಬಂದ ದೊಡ್ಡ ಹಬ್ಬ ನವರಾತ್ರಿ. ಆಯುಧಪೂಜೆಯ ದಿನ ವೇದವತಿ ಬೆಳಿಗ್ಗೆ ಐದಕ್ಕೇ ಎದ್ದು ಸೆರಗು ಸಿಕ್ಕಿಸಿದಳು. ಒಂದು ವರ್ಷದ ಬಾಕಿ ತೊಳೆತವೆಲ್ಲ ಅವಳ ತೋಳಿನಲ್ಲಿತ್ತು. ಈಳಿಗೆಮಣೆ, ಮಿಕ್ಸಿ, ಎರಡು ಕಾರು, ಮಗನ ಲ್ಯಾಪ್‌ಟಾಪು, ಸೊಸೆ ಭಾವನಾಳ ಸ್ಟೆತಸ್ಕೋಪು, ಎಲ್ಲಕ್ಕೂ ಸ್ನಾನ, ಇಲ್ಲ ಒದ್ದೆಬಟ್ಟೆ. ಕಡೆಗೆ ಕಣ್ಣು ಮಣೆಯ ಮೇಲೆ ಬಿತ್ತು. ಕಾಲುಗಳಿಗೆ ಧೂಳು ಹಿಡಿದಿತ್ತು, ಹಿಡಿಯ ಸಂದಿಯಲ್ಲಿ ಜಿಡ್ಡು. ಈ ಮನೆಯಲ್ಲಿ ಮೊದಲ ಪೂಜೆ ಅವರಿಗೇ ಸಲ್ಲಬೇಕು ಎಂದು ಅವಳಿಗೆ ಅನ್ನಿಸಿತು. ಕೈಮುಗಿದು ಬೇಡವೆನ್ನಲು ಎದುರಿಗೆ ಯಾರೂ ಇರಲಿಲ್ಲ. ಬಚ್ಚಲಿಗೆ ಒಯ್ದು, ಬಿಸಿನೀರು ಹೊಯ್ದು, ಸೀಗೆಪುಡಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿದಳು. ಕೈ ತಾನಾಗಿ ಓಡುತ್ತಿತ್ತು, ವಾಸನೆಯ ನೆನಪೇ ಬರಲಿಲ್ಲ. ಕರಿ ನೀರು ಬಂತು, ಕಂದು ನೀರು ಬಂತು, ಆಮೇಲೆ ತಿಳಿ ನೀರು.

ಅಕ್ಟೋಬರಿನ ಬಿಸಿಲಿಗೆ ಹಿತ್ತಿಲಿನಲ್ಲಿ ಒಣಗಿಸಿ, ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದಳು. ಸಾಯಂಕಾಲ ಎಲ್ಲರೂ ಒಳಗಿದ್ದಾಗ ಬಗ್ಗಿ ಮೂಗು ಹತ್ತಿರ ತಂದಳು.

ಸೀಗೆಪುಡಿಯ ವಾಸನೆ.

ಇನ್ನೊಂದು ಕಡೆ ಮೂಸಿದಳು. ತಲೆಕೆಳಗು ಮಾಡಿ ಮೂಸಿದಳು. ಎಣ್ಣೆಯಿಲ್ಲ, ಕರ್ಪೂರವಿಲ್ಲ, ಅವರಿಲ್ಲ. ಮಣೆ ಬೋಳಾಗಿ, ಬೂದುಬಣ್ಣಕ್ಕೆ ತಿರುಗಿ, ಅಂಗಡಿಯಿಂದ ಆಗತಾನೇ ತಂದ ಪೆಟ್ಟಿಗೆಯ ಹಲಗೆಯಂತೆ ಕಂಡಿತು. ಮುಂಗಾಲಿನಿಂದ ಕೂರುವ ಜಾಗದ ಅರ್ಧದವರೆಗೂ ಬಿರುಕು ಬೇರೆ ಬಿಟ್ಟಿತ್ತು. ವೇದವತಿ ಅಲ್ಲೇ ಕೂತುಬಿಟ್ಟಳು. ಗಂಡ ಸತ್ತ ದಿನ ಹತ್ತು ಜನರ ಎದುರಿಗೆ ಅತ್ತಿದ್ದಳು. ಇವತ್ತಿನದಕ್ಕೆ ಅಳಲೂ ನಾಚಿಕೆಯಾಯಿತು, ಏಕೆಂದರೆ ಇದನ್ನು ಮಾಡಿದವಳು ತಾನೇ. ಔಷಧದ ಡಬ್ಬಿಯಲ್ಲಿ ಅವರು ಕಾಯಿಸಿದ ಎಣ್ಣೆಯ ಬಾಟಲಿಯೊಂದು ಉಳಿದಿತ್ತು, ಮೂರು ಬೆರಳಿನಷ್ಟು. ಅದನ್ನು ಎದೆಗೊತ್ತಿಕೊಂಡಳೇ ಹೊರತು ಮುಚ್ಚಳ ತೆಗೆಯಲಿಲ್ಲ. ತೆಗೆದರೆ ಅದೂ ಹೋದೀತು.

ಬಿರುಕು ಕಂಡ ಭಾವನಾ, "ಅತ್ತೆ, ನಮ್ಮೂರ ಲೈಬ್ರರೀಲಿ ತಿಂಗಳಿಗೊಂದು ಸ್ಯಾಟರ್ಡೇ ಕೆಟ್ಟಿರೋ ಸಾಮಾನೆಲ್ಲ ಫ್ರೀಯಾಗಿ ರಿಪೇರಿ ಮಾಡಿಕೊಡ್ತಾರೆ. ನಾನೇ ಡ್ರಾಪ್ ಮಾಡ್ತೀನಿ" ಎಂದಳು. ಶನಿವಾರ ವೇದವತಿ ಮಣೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೋದಳು. ಉದ್ದನೆಯ ಮೇಜುಗಳ ಹಿಂದೆ ಒಬ್ಬೊಬ್ಬರು ಒಂದೊಂದು ಕೆಲಸ ಹಿಡಿದಿದ್ದರು. ಟೋಸ್ಟರಿಗೆ ಒಬ್ಬರು, ಜಿಪ್ಪಿಗೆ ಒಬ್ಬರು. ಮರದ ಕೆಲಸದ ಮೇಜಿನಲ್ಲಿ ಐವತ್ತರ ಆಸುಪಾಸಿನ ಕಪ್ಪು ಮನುಷ್ಯ, ಅಗಲ ಭುಜ, ಅಂಗಿಯ ಮೇಲೆ ಸನ್ಸನ್ ಎಂದು ಹೆಸರಿನ ಚೀಟಿ. ವಾರವೆಲ್ಲ ಮೆಟ್ರೋ ರೈಲಿನ ಯಾರ್ಡಿನಲ್ಲಿ ಮೆಕ್ಯಾನಿಕ್ಕಂತೆ.

ಪಂಚೆ ಬಿಚ್ಚಿದಾಗ ಅವನು ಮಣೆಯನ್ನು ಮುಟ್ಟಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟು, ಎದ್ದು ನಿಂತ.

"ಇದು ಯಾರದ್ದು?" ಎಂದು ಕೇಳಿದ.

ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಅವನದು ಫ್ರೆಂಚಿನ ಮೇಲೆ ಹತ್ತಿಸಿದ ಇಂಗ್ಲಿಷು, ಇವಳದು ಮೈಸೂರಿನದು. ಅಮೆರಿಕದವರಿಗಿಂತ ಇವರಿಬ್ಬರಿಗೇ ಒಬ್ಬರದೊಬ್ಬರಿಗೆ ಚೆನ್ನಾಗಿ ಅರ್ಥವಾಯಿತು.

"ನಮ್ಮ ಯಜಮಾನರದ್ದು. ಇದಕ್ಕೆ ಇನ್ನೊಂದು ಕಾಲು ಹಾಕಿಕೊಡ್ತೀರಾ? ಮುಂಗಾಲು ಬಿರುಕು ಬಿಟ್ಟಿದೆ. ನಾಲ್ಕಾದರೆ ಗಟ್ಟಿಯಾಗಿ ನಿಲ್ಲತ್ತೆ" ಎಂದಳು ವೇದವತಿ.

ಅವನು ಗಾಬರಿಯಾದವನಂತೆ ಎರಡೂ ಕೈ ಎತ್ತಿದ. ಅಮ್ಮ ಎನ್ನುವುದಕ್ಕೆ ಅವನು ಮಮಾ ಎನ್ನುತ್ತಿದ್ದ. "ಬೇಡ ಮಮಾ, ಬೇಡ. ನಮ್ಮಲ್ಲಿ ಮೂರು ಅಂದರೆ ಗಂಡಸು, ನಾಲ್ಕು ಅಂದರೆ ಹೆಂಗಸು. ಗಂಡಸಿನ ಮಣೆಗೆ ಮೂರೇ ಕಾಲು. ನಾನು ಇನ್ನೊಂದು ಹಾಕಿದರೆ ನಿಮ್ಮ ಯಜಮಾನರು ಹೆಂಗಸಾಗಿಬಿಡುತ್ತಾರೆ."

"ಆಗಬೇಕಿತ್ತು" ಎಂದಳು ವೇದವತಿ, "ಒಂದು ವಾರವಾದರೂ. ಅಡುಗೆಮನೆ ಏನು ಅಂತ ಗೊತ್ತಾಗ್ತಿತ್ತು." ಹೇಳಿದ ಮೇಲೆ ನಗು ಬಂತು. ಹದಿನಾಲ್ಕು ತಿಂಗಳಲ್ಲಿ ಶೇಷಾದ್ರಿಯ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು. ಆ ನಗೆಯ ಬೆನ್ನಿಗೇ ಕಣ್ಣು ತುಂಬಿತು.

"ನಮ್ಮಲ್ಲಿ ಅಂದಿರಲ್ಲ" ಎಂದು ಕೇಳಿದಳು. "ನೀವು ಆ ಲೋಬಿ ಜನವಾ?"

ಅವನು ಹೌದೆಂದು ತಲೆಯಾಡಿಸಿದ. ಬುರ್ಕಿನಾ ಫಾಸೋದ ತೆಂಕಣ ಮೂಲೆಯ ಹಳ್ಳಿ. ಅವನ ತಂದೆ ಮರ ಕೆತ್ತುವವನು. ಒಂದೇ ಬಾಚಿಯಲ್ಲಿ ಮಣೆ, ಸೌಟು, ದೇವರ ಮನೆಯ ಗೊಂಬೆ ಎಲ್ಲವನ್ನೂ ಕೆತ್ತುತ್ತಿದ್ದ. ಗೊಂಬೆಗಳು ಬರೀ ಗೊಂಬೆಗಳಲ್ಲವಂತೆ. ಕಣ್ಣಿಗೆ ಕಾಣದವರು ಮನೆ ಕಾಯಲು ಅವುಗಳ ಮೂಲಕ ಬಂದು ನಿಲ್ಲುತ್ತಾರಂತೆ. ಮಣೆಯೂ ಬರೀ ಮಣೆಯಲ್ಲ. ಗಂಡಸು ಅದನ್ನು ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋಗುತ್ತಾನೆ, ಅದಕ್ಕೇ ತಲೆಯಿಟ್ಟು ಮಲಗುತ್ತಾನೆ, ಜಗಳ ಬಂದರೆ ಅದನ್ನೇ ಎತ್ತಿಕೊಳ್ಳುತ್ತಾನೆ. ಹಾಗೆ ವರ್ಷಗಟ್ಟಲೆ ಇದ್ದು ಇದ್ದು ಅವನು ಸ್ವಲ್ಪ ಸ್ವಲ್ಪವಾಗಿ ಮರದೊಳಕ್ಕೆ ಇಳಿಯುತ್ತಾನೆ.

"ನಮ್ಮಪ್ಪ ಹೋಗಿ ಮೂರು ವರ್ಷವಾಯಿತು" ಎಂದ ಸನ್ಸನ್. "ನನಗೆ ಹೋಗಲಾಗಲಿಲ್ಲ. ಆ ಕಡೆ ದಾರಿ ಸರಿಯಿಲ್ಲ, ಗಲಭೆ. ಅಪ್ಪನ ಮಣೆ ನಮ್ಮ ಒಳಕೋಣೆಯಲ್ಲಿ ಹಿರಿಯರ ಪಕ್ಕ ಇದೆ ಅಂತ ಅಣ್ಣ ಫೋನಿನಲ್ಲಿ ಹೇಳಿದ. ಫೋನನ್ನು ಅದರ ಹತ್ತಿರ ಹಿಡಿ ಅಂದೆ. ಹಿಡಿದ. ಏನು ಹೇಳಬೇಕೋ ತಿಳಿಯಲಿಲ್ಲ, ಸುಮ್ಮನೆ ಉಸಿರಾಡಿದೆ."

ಆಮೇಲೆ ಅಪ್ಪಣೆ ಕೇಳುವವನಂತೆ ಅವಳ ಮುಖ ನೋಡಿ, ಮಣೆಯನ್ನು ಎತ್ತಿ, ಹಿಡಿಯನ್ನು ಎಡಹೆಗಲಿಗೆ ತಗುಲಿಸಿಕೊಂಡ. ಮಣೆ ಸರಿಯಾಗಿ ಬೆನ್ನಿಗೆ ಕೂತಿತು. ಅವನು ಕಣ್ಣು ಮುಚ್ಚಿದ. ಪಕ್ಕದ ಮೇಜಿನ ಟೋಸ್ಟರು ಟಣ್ಣೆಂದರೂ ಕಣ್ಣು ತೆರೆಯಲಿಲ್ಲ. ವೇದವತಿಗೆ ಆ ಮುಖದ ಮೇಲಿನ ಹಸಿವು ಚೆನ್ನಾಗಿ ಗೊತ್ತಿತ್ತು; ದಿನಾ ಬೆಳಿಗ್ಗೆ ಅವಳೂ ಅದೇ ಮುಖ ಹೊತ್ತು ಬಾಗಿಲ ಪಕ್ಕ ಕೂರುತ್ತಿದ್ದಳು. ನ್ಯಾಯವಾಗಿ ಏನು ಮಾಡಬೇಕೆಂದು ತಿಳಿಯಿತು. ಬೇಡ ಅನ್ನಲಿ ದೇವರೇ ಎಂದು ಒಳಗೇ ಬೇಡಿಕೊಳ್ಳುತ್ತ, "ನಿಮ್ಮ ಊರಿನದ್ದು. ಬೇಕಾದರೆ ನೀವೇ ಇಟ್ಟುಕೊಳ್ಳಿ" ಎಂದಳು.

ಅವನು ಮಣೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ಇದು ಬೇರೆ ಯಾರದೋ ಅಪ್ಪನದು ಮಮಾ. ಇದು ಹೇಗೆ ಮನೆ ಬಿಟ್ಟು ಬಂತೋ, ಮಾರಿದರೋ, ಯಾರಾದರೂ ಎತ್ತಿ ತಂದರೋ, ನನಗೆ ತಿಳಿಯದು. ನಮ್ಮ ಊರಿನದು ಅಂದಮಾತ್ರಕ್ಕೆ ನನ್ನ ಅಪ್ಪ ಇದರಲ್ಲಿ ಬಂದು ಕೂರುವುದಿಲ್ಲ."

ಬಿರುಕಿನ ಎರಡೂ ಬದಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿಯತೊಡಗಿದ. ಅಂಟು ಹಾಕಿ ಗಾಯ ಮುಚ್ಚುವುದು ಅವರ ಕಡೆಯ ಪದ್ಧತಿಯಲ್ಲವಂತೆ, ಹೊಲಿಗೆ ಕಾಣಲೇಬೇಕಂತೆ. ಹೊಲಿಯುತ್ತ ಕೂರುವ ಜಾಗದ ಮೇಲೆ ಬೆರಳಾಡಿಸಿದವನು ನಿಂತ. "ಇದು ಇಷ್ಟು ಬೋಳಾಗಿ ಯಾಕಿದೆ?"

ವೇದವತಿ ಒಂದೇ ಉಸಿರಿಗೆ ಹೇಳಿದಳು. "ನಾನು ತೊಳೆದೆ. ನಮ್ಮಲ್ಲಿ ಒಂದು ಹಬ್ಬವಿದೆ, ಅವತ್ತು ಮನೆಯ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡ್ತೀವಿ. ಒಳ್ಳೇದಾಗಲಿ ಅಂತಲೇ ತೊಳೆದೆ. ಅವರ ವಾಸನೆ ಇತ್ತು ಇದರಲ್ಲಿ. ಅಷ್ಟೂ ಬಚ್ಚಲಿಗೆ ಹೋಯಿತು. ಅವರು ಬೇಡ ಅಂದಿದ್ದರು, ಕೇಳಲಿಲ್ಲ ನಾನು."

ಸನ್ಸನ್ ಅವಳನ್ನು ಸಮಾಧಾನ ಮಾಡಲಿಲ್ಲ. "ನಿಮ್ಮ ಯಜಮಾನರೊಬ್ಬರನ್ನೇ ಅಲ್ಲ, ಅವರಿಗಿಂತ ಮೊದಲಿದ್ದವನನ್ನೂ ತೊಳೆದಿರಿ" ಎಂದ. "ಅವರು ತಂದಾಗ ಇದು ಕಪ್ಪಗೆ ಮಿರುಗುತ್ತಿತ್ತಲ್ಲವಾ? ಅದು ಅವನು."

"ಹೌದು." ವೇದವತಿ ಇದನ್ನು ಯೋಚಿಸಿಯೇ ಇರಲಿಲ್ಲ. ಹೆಸರಿಲ್ಲದ ಆ ಗಂಡಸಿಗೂ ಒಬ್ಬ ಹೆಂಡತಿ ಇದ್ದಿರಬೇಕು. "ಹಾಗಾದರೆ ನಮ್ಮವರು ಹದಿನೈದು ವರ್ಷ ಇನ್ನೊಬ್ಬರ ಮೇಲೆ ಕೂತಿದ್ದರಾ? ಅವನಿಗೆ ಸಿಟ್ಟು ಬರಲಿಲ್ಲವಾ?"

"ಬಂದಿದ್ದರೆ ಮೊದಲ ವಾರವೇ ಕೆಡವುತ್ತಿದ್ದ. ಜಾಗ ಕೊಟ್ಟಿದ್ದಾನೆ." ಅವನು ತಂತಿಯನ್ನು ಇಕ್ಕಳದಲ್ಲಿ ಹಿಡಿದು ಬಿಗಿದ. "ಈಗ ಯಾರು ಕೂರುತ್ತಾರೆ?"

"ಯಾರೂ ಇಲ್ಲ."

"ಮಗ ಇಲ್ಲವಾ?"

"ಇದ್ದಾನೆ" ಎಂದಳು. ತಂತಿ ಇನ್ನೆರಡು ಸುತ್ತು ಬಿತ್ತು. "ಕೂತಿದ್ದ ಒಂದು ಸಲ. ನಾನೇ ಎಬ್ಬಿಸಿದೆ."

ಸನ್ಸನ್ ಉಳಿದ ತಂತಿಯನ್ನು ಕತ್ತರಿಸಿ, ಚೂಪು ತುದಿ ಯಾರಿಗೂ ಚುಚ್ಚದ ಹಾಗೆ ಒಳಕ್ಕೆ ಮಡಚಿದ. "ನಮ್ಮಲ್ಲೂ ಮನೆ ಮನೆಗೆ ಒಂದೊಂದು ರೀತಿ. ಕೆಲವರು ಒಳಗಿಟ್ಟು ಪೂಜಿಸುತ್ತಾರೆ, ಕೆಲವು ಕಡೆ ಮಗ ಕೂರುತ್ತಾನೆ. ನಿಮ್ಮ ಮನೆಯದು ನಿಮಗೆ ಗೊತ್ತು ಮಮಾ" ಎಂದು ಮಣೆಯನ್ನು ಪಂಚೆಯಲ್ಲಿ ಅವನೇ ಸುತ್ತಿಕೊಟ್ಟ.

ಮನೆಗೆ ಬಂದಾಗ ನಾಲ್ಕು ಗಂಟೆ. ವೇದವತಿ ಮಣೆಯನ್ನು ಅದರ ಜಾಗದಲ್ಲಿಟ್ಟು ಏಳುವಷ್ಟರಲ್ಲಿ ಗರಾಜಿನ ಬಾಗಿಲು ಮೇಲೆದ್ದ ಸದ್ದಾಯಿತು. ಸುಧನ್ವ ಬ್ಯಾಡ್ಮಿಂಟನ್ ಮುಗಿಸಿ ಬಂದಿದ್ದ. ಒಳಗೆ ಬಂದವನು ಒಂದು ಕೈಯಲ್ಲಿ ಗೋಡೆ ಹಿಡಿದು, ಒಂಟಿಕಾಲಲ್ಲಿ ಕುಪ್ಪಳಿಸುತ್ತ ಬೂಟು ಕಳಚತೊಡಗಿದ. ಹಲ್ಲು ಕಚ್ಚಿದ್ದ. ಗೋಡೆಯ ಮೇಲೆ ಅವನ ಅಂಗೈ ಊರುವ ಕಡೆ ಬಣ್ಣ ಮಾಸಿ, ಒಂದು ಬೆವರಿನ ಮಚ್ಚೆ ಕೂತಿತ್ತು. ಕೊಳೆಯೆಂದರೆ ಸೈರಿಸದ ವೇದವತಿ ಈ ಮಚ್ಚೆಯನ್ನು ಎಷ್ಟು ಸಲ ಒರೆಸಿದ್ದಳೋ! ಅದು ಎಲ್ಲಿಂದ ಬರುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹದಿನಾಲ್ಕು ತಿಂಗಳಿನಿಂದ ಮಗ, ಕಾಲ ಬುಡದಲ್ಲೇ ಮಣೆಯಿದ್ದರೂ, ಗೋಡೆ ಹಿಡಿದುಕೊಂಡು ನಿಂತಿದ್ದ.

"ಕೂತ್ಕೊಳೋ" ಎಂದಳು.

"ಪರ್ವಾಗಿಲ್ಲಮ್ಮ. ಐ ಆಮ್ ಫೈನ್."

"ಕೂತ್ಕೋ ಅಂದೆ."

ಅವನು ಮಣೆ ನೋಡಿದ, ತಾಯಿಯನ್ನು ನೋಡಿದ. "ಅದು ಅಪ್ಪಂದು."

"ಅಪ್ಪಂದೇ. ಇನ್ಯಾರದು?" ಎಂದಳು ವೇದವತಿ. ಜೋರು ಮಾಡಬೇಕೆಂದಿದ್ದ ದನಿ ನಡುವೆಯೇ ಒಡೆಯಿತು. "ಅವತ್ತು ನಿನ್ನನ್ನ ಎಬ್ಬಿಸಬಾರದಿತ್ತು ಕಣೋ. ಅಷ್ಟು ಜನದ ಮುಂದೆ. ತಪ್ಪಾಯ್ತು."

ಸುಧನ್ವ ಕೂತ. ಮೆಲ್ಲಗೆ, ಬಿಸಿ ಕಲ್ಲಿನ ಮೇಲೆ ಕೂರುವವನ ಹಾಗೆ. ಮೊಣಕಾಲು ಎರಡೂ ಎದೆಯ ಮಟ್ಟಕ್ಕೆ ಬಂದವು. ಅಪ್ಪನಿಗಿಂತ ಎತ್ತರದ ಆಳು, ಆದರೂ ಮಣೆ ಅವನನ್ನು ತುಂಬಿಸಿಕೊಂಡಿತು. ಲೇಸು ಬಿಚ್ಚಿದ, ಎರಡೂ ಬೂಟು ಕಳಚಿದ. ಬಲಗೈ ತಾನಾಗಿ ಮುಂದೆ ಸರಿದು ಆ ಪುಟ್ಟ ಮುಖವನ್ನು ಹಿಡಿದುಕೊಂಡಿತು. ಎಡಗೈಯಲ್ಲಿ ಮಂಡಿ ಒತ್ತಿಕೊಳ್ಳುತ್ತ, "ಅಮ್ಮ, ಅಪ್ಪನ ಆ ಎಣ್ಣೆ ಇನ್ನೂ ಇದ್ಯಾ? ತುಂಬ ದಿನದಿಂದ ನೋವು" ಎಂದ.

"ತುಂಬ ದಿನದಿಂದ ಅಂದ್ರೆ? ಹೇಳೋದಲ್ವೇನೋ?"

"ಕೇಳೋಕೆ ಹೆದರಿಕೆ ಆಯ್ತು."

ವೇದವತಿ ಒಳಗೆ ಹೋಗಿ ಬಾಟಲಿ ತಂದಳು. ಮಗನ ಮುಂದೆ ನೆಲಕ್ಕೆ ಕೂತು, ಒಂದು ಕ್ಷಣ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೂರು ಬೆರಳು. ಮುಚ್ಚಳ ತಿರುವಿದಳು. ಕರ್ಪೂರದ ವಾಸನೆ ಎದ್ದು ಗರಾಜಿನ ಬಾಗಿಲವರೆಗೂ ಹರಡಿತು. ಸುಧನ್ವನ ಬಾಯಿಂದ "ಅಪ್ಪ" ಎಂಬುದು ಅರ್ಧ ಬಂತು, ಇನ್ನರ್ಧ ಅಳುವಾಯಿತು. ಚಿಕ್ಕವನಿದ್ದಾಗ ಬಿದ್ದು ಬಂದರೆ ಅಳುತ್ತಿದ್ದನಲ್ಲ, ಹಾಗೆ ಭುಜ ಕುಲುಕಿಸಿಕೊಂಡು ಅತ್ತ. ಅಪ್ಪ ಹೋದ ಮೇಲೆ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಅಳಲು ಕೂಡ ಮನುಷ್ಯನಿಗೆ ಒಂದು ಜಾಗ ಬೇಕು. ಇದ್ದ ಜಾಗದಿಂದ ಅವಳು ಎಬ್ಬಿಸಿ ಕಳಿಸಿದ್ದಳು.

ಅವಳು ಅಂಗೈಗೆ ಎಣ್ಣೆ ಸುರಿದುಕೊಂಡು ಮಂಡಿಗೆ ನೀವಿದಳು. ಜಿಪುಣತನ ಮಾಡದೆ ಹಾಕಿದಳು. ಎಣ್ಣೆ ಮಂಡಿಯಿಂದ ಮೀನಖಂಡಕ್ಕೆ, ಅಲ್ಲಿಂದ ಮಣೆಯ ಅಂಚಿಗೆ ಇಳಿದು, ತಾಮ್ರದ ಹೊಲಿಗೆಯ ಪಕ್ಕ ಬೋಳು ಮರದ ಮೇಲೆ ಹನಿಯಾಗಿ ನಿಂತಿತು. ವೇದವತಿಯ ಕೈ ಅಭ್ಯಾಸಬಲದಿಂದ ಸೆರಗಿಗೆ ಹೋಯಿತು. ಸೆರಗಿನ ತುದಿ ಹಿಡಿದು ಒರೆಸಲು ಬಗ್ಗಿಯೂ ಬಗ್ಗಿದಳು.

ಹನಿ ನಿಧಾನವಾಗಿ ಮರದೊಳಕ್ಕೆ ಇಳಿಯುತ್ತಿತ್ತು. ಅವಳು ಸೆರಗು ಬಿಟ್ಟಳು.

"ಇನ್ನೊಂದು ಕಾಲು ಕೊಡು" ಎಂದಳು.